ಉದ್ದ ರಾಡು, ಸಡಿಲ ನಟ್ಟು

ಜಾನ್ಸನ,

ಭಾಲ್ಕಿಯ ಆಸ್ಪತ್ರೆಗೆ ಹೊರಟಿದ್ದೇನೆ. ಅನ್ನ ಕುಕ್ಕರಿನಲ್ಲಿದೆ, ಗಂಟಲಲ್ಲಿ ಇಳಿದರೆ ಉಣ್ಣು. ಬೆಳಿಗ್ಗೆ ಫೋನ್ ಬಂತು, ಅಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರಂತೆ. ನೀನು ಬರುವಾಗ ಅವನ ಚಪ್ಪಲಿ ತಾ. ಎಡಗಾಲಿನದೊಂದೇ ಸಾಕು.

ಅಪ್ಪನ ಟೆಂಪೋದ ಹಿಂದಿನ ಚಕ್ರದ ನಟ್ಟುಗಳು ಆಳದಲ್ಲಿವೆಯೆಂದು ನೀನು ನಟ್ಟು ಬಿಗಿಯುವ ಗನ್ನಿಗೆ ಉದ್ದದ ಎಕ್ಸ್‌ಟೆನ್ಷನ್ ರಾಡು ಸಿಕ್ಕಿಸಿದಾಗ ನಾನು ಅಲ್ಲೇ ಚಹಾ ಹಿಡಿದು ನಿಂತಿದ್ದೆ.

"ರಾಡ್ ಉದ್ದ ಆದ್ರ ಗನ್ನಿನ ಜೋರು ನಟ್ಟಿಗಿ ಮುಟ್ಟಂಗಿಲ್ಲೋ. ಪಾನಾ ಹಚ್ಚಿ ಕೈಲೆ ಒಮ್ಮಿ ಬಿಗಿ ಮಾಡು" ಎಂದ ಅಪ್ಪ.

"ಗನ್ ಟರ್ ಅಂತು ಅಂದ್ರ ಬಿಗಿ ಆತು. ನೀ ಗಾಡಿ ಹೊಡಿ ಮುದುಕಾ, ಸಾಕು" ಎಂದೆ ನೀನು.

ಅವನು ನಕ್ಕು ಸೋಯಾ ಚೀಲ ಹೇರಿಕೊಂಡು ಹೊರಟ. ಭಾಲ್ಕಿ ಮುಟ್ಟುವ ಮೊದಲೇ ಚಕ್ರ ಕಳಚಿ ಗಾಡಿ ಮಗುಚಿತು, ಅವನ ಕಾಲು ಅದರಡಿ ಸಿಕ್ಕಿತು.

ನಿನ್ನೆ ಪೊಲೀಸರು ಕೇಳಿದಾಗ ಆ ನೋವಿನಲ್ಲೂ ಅವನು, "ನಟ್ ನಾನಾ ಬಿಗಿ ಮಾಡಿದ್ದೆರಿ ಸಾಹೇಬ್ರ, ಮಗಗ ಏನೂ ಗೊತ್ತಿಲ್ರಿ" ಎಂದ. ನೀನು ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ, ಹಾಗೇ ಮನೆಗೆ ತಿರುಗಿದೆ.

ಇವತ್ತು ನಾಲ್ಕಕ್ಕೆ ಪೊಲೀಸರು ಅವನ ಹೇಳಿಕೆಗೆ ಸಹಿ ಹಾಕಿಸಲು ಮತ್ತೆ ಬರುತ್ತಾರೆ. ಅಪ್ಪ ಎಷ್ಟೇ ಬೇಡಿಕೊಳ್ಳಲಿ, ನಿನ್ನ ಹೆಸರು ನಾನೇ ಹೇಳುತ್ತೇನೆ.

ಫೇತಕ್ಕ