ಜಾರುಬಂಡೆಯ ಹತ್ತಿರ ನಿನ್ನ ಮಗಳು

ಅಕ್ಕಾ,

ಇವತ್ತು ಸಂಜೆ ಪಾರ್ಕಿನಲ್ಲಿ ನಿನ್ನ ಮಗಳನ್ನು ಕಂಡೆ. ನೀನು ತೀರಿಹೋದ ಮೇಲೆ ಭಾವ ಇನ್ನೊಂದು ಮದುವೆಯಾದರು, ನಮ್ಮ ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಈಗ ಈ ಬಡಾವಣೆಯಲ್ಲಿದ್ದಾರೆಂದು ಯಾರೋ ಹೇಳಿದರು. ಅದಕ್ಕೇ ಒಬ್ಬಳೇ ಬಸ್ಸು ಹತ್ತಿ ಬಂದು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ.

ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ನಕ್ಕರೆ ಥೇಟ್ ನೀನೇ. ಜಾರುಬಂಡೆಯಿಂದ ಇಳಿಯುವಾಗ ಮುಗ್ಗರಿಸಿ ಬಿದ್ದಳು. ಓಡಿಹೋಗಿ ಎತ್ತಿಕೊಂಡೆ. ನನ್ನ ಮುಖ ನೋಡಿ ಇನ್ನೂ ಜೋರಾಗಿ ಅತ್ತಳು. "ಅಮ್ಮಾ" ಎಂದು, ಹಿಂದೆಯೇ ಓಡಿಬಂದ ಹೆಂಗಸಿನತ್ತ ಕೈ ಚಾಚಿದಳು. ಕೊಟ್ಟುಬಿಟ್ಟೆ.

ಬೈದುಕೊಳ್ಳೋಣವೆಂದರೆ ಅವಳು ಒಳ್ಳೆಯವಳು ಕಣಕ್ಕಾ. ಮಗುವಿನ ಮೊಣಕಾಲಿನ ಮಣ್ಣನ್ನು ತನ್ನ ದುಪಟ್ಟಾದಿಂದಲೇ ಒರೆಸಿ ಮುತ್ತಿಟ್ಟಳು. ನನ್ನನ್ನು ಅವಳು ಎಂದೂ ನೋಡಿದವಳಲ್ಲ.

"ಸರಿಯಾದ ಹೊತ್ತಿಗೆ ಬಂದ್ರಿ. ಪುಟ್ಟೀ, ಆಂಟಿಗೆ ಥ್ಯಾಂಕ್ಸ್ ಹೇಳು," ಎಂದಳು.

ಆಂಟಿಯಲ್ಲ, ಚಿಕ್ಕಮ್ಮ ಎನ್ನಬೇಕೆನಿಸಿತು; ಮಗುವಿನ ಕೆನ್ನೆ ಸವರಿದೆ.

"ನಿಮ್ ಮಗು ಯಾವ್ದು?" ಎಂದು ಕೇಳಿದಳು.

ಉಯ್ಯಾಲೆಯ ಬಳಿ ಆಡುತ್ತಿದ್ದ ಮಕ್ಕಳ ಗುಂಪಿನತ್ತ ಕೈ ತೋರಿಸಿದೆ.

"ಕರೀರಿ ಮತ್ತೆ, ಇಬ್ರೂ ಜೊತೇಲಿ ಆಡ್ಕೊಳ್ಲಿ."

ಮಗುವನ್ನು ಎತ್ತಿಕೊಂಡು ನಗುತ್ತ ಕಾದು ನಿಂತಳು. ಯಾವ ಹೆಸರು ಹಿಡಿದು ಕರೆಯಲಿ, ಅಕ್ಕಾ?