ಎಂಟನೇ ನಂಬರಿನ ಹಾಡು

ಪೂಜ್ಯ ಕಾಕಾ ಅವರಿಗೆ ನಿಮ್ಮ ಮಾದೂ ಮಾಡುವ ಶರಣು.

ಇವತ್ತು ಶ್ರಾವಣ ಸೋಮವಾರ, ನನ್ನದು ಒಪ್ಪತ್ತು. ಬೆಳಿಗ್ಗೆ ಐದಕ್ಕೇ ನಳ ಬಂತು. ನೀರು ತುಂಬಿದೆ, ಅಂಗಳ ಗುಡಿಸಿದೆ, ಲಿಂಗಪೂಜೆ ಮುಗಿಸಿ ಮನೆಯವರಿಗೆ ರೊಟ್ಟಿ ಬಡಿದಿಟ್ಟೆ. ಅವರು ಕೆಲಸಕ್ಕೆ ಹೋದರು, ಮಗಳು ಸುಜಾತಾ ಕಾಲೇಜಿಗೆ ಹೋದಳು. ಇನ್ನು ಸಂಜೆಯವರೆಗೆ ಒಲೆಯ ಮುಂದೆ ಕೂಡುವ ಕೆಲಸವಿಲ್ಲ. ಮೈಲೂರಿನ ಈ ಮನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನೀವು ನಮ್ಮನ್ನು ಬಿಟ್ಟು ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಾಳೆ ಅನ್ನುತ್ತೀರಾ? ನಿಮ್ಮ ಕೆಂಪು ರಟ್ಟಿನ ಲೆಕ್ಕದ ವಹಿ ನನಗೆ ಸಿಕ್ಕಿದೆ, ಕಾಕಾ. ಭಾಲ್ಕಿಯ ನಿಮ್ಮ ಕ್ಯಾಸೆಟ್ ಅಂಗಡಿ ಖಾಲಿ ಮಾಡುವಾಗ ಕಾಕು ನಿಮ್ಮ ಹಳೇ ಟ್ರಂಕನ್ನು ತೆರೆದೂ ನೋಡದೆ ನನ್ನ ಮನೆಗೆ ಕಳಿಸಿಬಿಟ್ಟರು. ಒಳಗೆ ಏನಿದೆ ಎಂದು ಗೊತ್ತಿದ್ದರೆ ಕಳಿಸುತ್ತಿದ್ದರೋ ಇಲ್ಲವೋ...

ಆ ಅಂಗಡಿ ನೆನೆದರೆ ನನಗೆ ಮೊದಲು ಕಾಣುವುದು ತಂತಿಗೆ ಚುಚ್ಚಿದ ಚೀಟಿಗಳು. ಗಿರಾಕಿಗಳು ತಮಗೆ ಬೇಕಾದ ಹಾಡುಗಳ ಹೆಸರನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ನೀವು ಖಾಲಿ ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದಿರಿ. ನಮ್ಮೂರು ಹಲಬರ್ಗಾದ ಶಾಲೆಗೆ ರಜೆ ಇರುವ ರವಿವಾರ ನಾನು ಬಸ್ಸು ಹತ್ತಿ ಬಂದು ವಾರದ ಚೀಟಿ ಎಣಿಸಬೇಕು. ಯಾವ ಹಾಡನ್ನು ಎಷ್ಟು ಮಂದಿ ಕೇಳಿದರು ಎಂದು ನೋಡಿ, ಹತ್ತು ಹಾಡಿನ ಪಟ್ಟಿಯನ್ನು ಬಾಗಿಲ ಹೊರಗಿನ ಕರಿ ಹಲಗೆಯ ಮೇಲೆ ಬರೆಯಬೇಕು. ವಹಿಯಲ್ಲಿ ನೀವೇ ಬಾಣ ಹಾಕುತ್ತಿದ್ದಿರಿ. ಮೇಲೇರಿದ ಹಾಡಿಗೆ ಕೆಂಪು, ಕೆಳಗಿಳಿದದ್ದಕ್ಕೆ ನೀಲಿ. ಒಂದೇ ಪೆನ್ಸಿಲ್ಲಿನ ಎರಡು ತುದಿ. ಬಸ್ಸಿಗೆ ಕಾಯುವ ಮಂದಿ ಹಲಗೆಯ ಮುಂದೆ ನಿಂತು ಜಗಳವಾಡುತ್ತಿದ್ದರಲ್ಲ, ಚುನಾವಣೆ ಫಲಿತಾಂಶ ಬಂದವರ ಹಾಗೆ.

ನಾನು ಮೂಗು ಮುರಿಯುತ್ತಲೇ ಎಣಿಸುತ್ತಿದ್ದೆ. ಹಣೆಗೆ ವಿಭೂತಿ ಹಚ್ಚಿಕೊಂಡು ಸಿನಿಮಾ ಹಾಡು ಎಣಿಸುವುದೆಂದರೆ ನನಗೆ ಸಂಕಟ. ಒಂದು ಸಲ ಕೇಳಿಯೇ ಬಿಟ್ಟಿದ್ದೆ. “ಕಾಕಾ, ಹತ್ತರಾಗ ಒಂದಾದ್ರೂ ದೇವರ ಹಾಡು ಯಾಕ ಬರಂಗಿಲ್ರಿ?”

“ದೇವರ ಹಾಡು ಬೇಕಂದವರು ಗುಡಿಗಿ ಹೋಗ್ತಾರವಾ. ನನ್ನ ಅಂಗಡಿಗಿ ಯಾಕ ಬರ್ತಾರ?”

“ಹಂಗಾರ ನಾವೇ ಒಂದು ಸೇರಿಸಿದ್ರ?”

ಆಗ ನೀವು ನಗು ನಿಲ್ಲಿಸಿದಿರಿ. “ಪಟ್ಟಿ ಅಂದ್ರ ಊರ ಬಾಯಿ ಇದ್ದಂಗ, ಮಾದೂ. ನಮಗ ಬೇಕಾದ್ದು ಅದರಾಗ ತುರುಕಬಾರದು.”

ಇಷ್ಟು ಸ್ಪಷ್ಟ ಹೇಳಿಸಿಕೊಂಡ ಮೇಲೂ ನಾನು...

ಹದಿನೈದು ದಿನದಿಂದ ಆ ಒಂದು ವಾರದ ಪುಟವೇ ಕಣ್ಣ ಮುಂದೆ ಕಟ್ಟಿದೆ. ಹಾಡುಗಳ ಹೆಸರು ಬರೆಯುವುದಿಲ್ಲ, ನಾವಿಬ್ಬರೂ ಇಟ್ಟ ಅಡ್ಡಹೆಸರು ಸಾಕು. ಆರು ವಾರ ಮೊದಲನೇ ನಂಬರಿನಲ್ಲಿ ಕುಳಿತಿದ್ದ ಉಯ್ಯಾಲೆ ಹಾಡು ಅವತ್ತು ನೀವು ಬರೆದ ಪಟ್ಟಿಯಲ್ಲಿ ಮೂರಕ್ಕೆ ಇಳಿದಿದೆ. ಯಾವ ಹಾಡು ಇಳಿದರೂ ನನಗೆ ಪಾಪ ಅನ್ನಿಸುತ್ತಿತ್ತು. ನೀವು ಮಾತ್ರ ನೀಲಿ ಬಾಣ ಹಾಕುತ್ತಾ, “ಹಾಡು ಸತ್ತಿಲ್ಲವಾ, ಮನಿ ಮನಿಗಿ ಮುಟ್ಯಾದ. ಮುಟ್ಟಿದ ಮ್ಯಾಲ ಮತ್ತ ಯಾರು ಕೇಳ್ತಾರ?” ಅನ್ನುತ್ತಿದ್ದಿರಿ. ಲಗ್ನದ ಹಂಗಾಮು ಬಂದಿತ್ತಲ್ಲ, ಹಂದರದಲ್ಲಿ ಬಾರಿಸುವ ಹಾಡು ಐದರಿಂದ ಒಂದಕ್ಕೆ ಹಾರಿದೆ. ಕವ್ವಾಲಿ ಇದ್ದಲ್ಲೇ ಇದೆ, ಎರಡರಲ್ಲಿ. ಅದಕ್ಕೆ ಬಾಣವಿಲ್ಲ, ಬರೀ ಒಂದು ಗೆರೆ. ಔರಾದ ಕಡೆಯ ಮಂದಿ ಸಂತೆಗೆ ಬಂದ ವಾರವೆಲ್ಲ ಮರಾಠಿ ಹಾಡು ಏರುತ್ತಿತ್ತು, ಅವತ್ತೂ ಒಂಬತ್ತರಿಂದ ಆರಕ್ಕೆ ಏರಿದೆ. ತಾಯಿ ಮಗ ಅಗಲುವ ಅಳುವ ಹಾಡು ಹತ್ತರಿಂದ ಹೊರಗೆ ಬಿದ್ದಿದೆ. ಅದರ ಮುಂದೆ ನೀವು “ಹೋಗಿ ಬಾ” ಎಂದು ಸಣ್ಣದಾಗಿ ಬರೆದಿದ್ದೀರಿ. ನಿಮ್ಮನ್ನು ಬಿಟ್ಟರೆ ಹಾಡಿಗೆ ಹೀಗೆ ಬೀಳ್ಕೊಡುಗೆ ಕೊಡುವವರು ಯಾರಿದ್ದಾರೆ?

ಕಾಕುವಿನ ಹಾಡು ಕ್ಯಾಸೆಟ್ಟಿಗೆ ಸೇರಿದ್ದು ನಿಮ್ಮ ಜಿಪುಣತನದಿಂದಲ್ಲ, ನಿಮ್ಮ ಸಂಕೋಚದಿಂದ. ಗಿರಾಕಿ ಕೇಳಿದ ಹಾಡೆಲ್ಲ ತುಂಬಿದ ಮೇಲೂ ಕ್ಯಾಸೆಟ್ಟಿನ ಕೊನೆಗೆ ಎರಡು ಮೂರು ನಿಮಿಷ ಖಾಲಿ ಉಳಿಯುತ್ತಿತ್ತು. ಖಾಲಿ ಬಿಟ್ಟು ಕೊಡುವುದು ನಿಮಗೆ ಸರಿ ಕಾಣುತ್ತಿರಲಿಲ್ಲ. ಕಾಕು ನೀರು ಸೇದುವಾಗ ತಾವೇ ಕಟ್ಟಿ ಹಾಡಿಕೊಳ್ಳುತ್ತಿದ್ದ ಶಿವನ ಹಾಡೊಂದಿತ್ತಲ್ಲ, ಅದನ್ನು ಒಂದು ಮಧ್ಯಾಹ್ನ ಅಡಿಗೆಮನೆಯಲ್ಲೇ ರೆಕಾರ್ಡ್ ಮಾಡಿ, ಆ ಖಾಲಿ ಜಾಗಕ್ಕೆ ಹಾಕತೊಡಗಿದಿರಿ. ಹೆಸರಿಲ್ಲದ ಹಾಡು. ಕೆಲವರು ಬಂದು, “ಕಡೀಗಿ ಒಬ್ಬಾಕಿ ಹಾಡ್ತಾಳಲ್ರಿ, ಯಾರಾಕಿ?” ಎಂದು ಕೇಳಿದಾಗ ಕಾಕು ಒಳಗಿನ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮಕ್ಕಳಿಲ್ಲದ ಕಾಕುವನ್ನು ಊರಿನ ಹೆಂಗಸರು ಏನೇನೋ ಅನ್ನುತ್ತಿದ್ದ ಕಾಲ ಅದು. ಆ ಮುಖ ಅರಳುವುದನ್ನು ನಾನು ನೋಡಿದ್ದೇ ಆಗ.

ಅದಕ್ಕೇ ಕಾಕಾ, ಆ ವಾರ ನೀವು ಖಾಲಿ ಕ್ಯಾಸೆಟ್ ತರಲು ಬೀದರಕ್ಕೆ ಹೋದಾಗ, ಕಾಕುವಿನ ಹಾಡು ಬೇಕೆಂದು ನಾನು ಏಳು ಸುಳ್ಳು ಚೀಟಿ ಬರೆದೆ. ಏಳು ಬೇರೆ ಬೇರೆ ಗಿರಾಕಿಗಳ ಹೆಸರು ಹಾಕಿದೆ. ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಿಂದ ಬರೆದೆ. ತಂತಿಗೆ ಚುಚ್ಚಿ, ಎಣಿಸಿ, ಹಲಗೆಯ ಮೇಲೆ ಕಾಕುವಿನ ಹಾಡನ್ನು ಮೂರನೇ ನಂಬರಿಗೆ ಬರೆದೆ. ದೇವರ ಹಾಡೂ ಪಟ್ಟಿಗೆ ಬಂತು, ಕಾಕುವಿಗೂ ಸಂತೋಷವಾಗುತ್ತದೆ, ಪುಣ್ಯದ ಕೆಲಸ ಎಂದೇ ನಂಬಿದ್ದೆ.

ಸಂಜೆ ನೀವು ಬಂದು ಚೀಲ ಇಳಿಸುವಷ್ಟರಲ್ಲಿ ಪಕ್ಕದಂಗಡಿಯ ದರ್ಜಿ ಮಾಮಾ ಬಂದು ಕುಳಿತಿದ್ದರು. ಸುಮ್ಮನೆ ಕೂಡುವವರಲ್ಲ ಅವರು, ಚೀಟಿ ತಿರುವುತ್ತಿದ್ದರು. ಕಾಕು ಚಹಾ ತಂದರು. ಆಗಲೇ ಅವರು ಏಳು ಚೀಟಿಗಳನ್ನು ಇಸ್ಪೀಟು ಎಲೆಯ ಹಾಗೆ ಹರಡಿ ಹಿಡಿದರು.

“ಸಾವಕಾರ್ರ, ನಿಮ್ಮ ಗಿರಾಕಿ ಒಂದೇ ವಾರದಾಗ ಭಾಳ ಭಕ್ತರಾಗ್ಯಾರಲ್ರಿ. ಏಳು ಮಂದಿ, ಏಳೂ ಚೀಟಿ ಮ್ಯಾಲ ‘ಓಂ ಶ್ರೀ ಗುರುಬಸವಲಿಂಗಾಯ ನಮಃ’. ಹಾಡಿನ ಚೀಟಿ ಹಿಂಗ ಯಾರು ಬರೀತಾರ?”

ನಾಮ ಬರೆಯದೆ ಯಾವ ಹಾಳೆಯನ್ನೂ ಶುರು ಮಾಡಬಾರದು ಎಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ಎಡಗೈ ಕೂಡ ಆ ರೂಢಿ ಬಿಟ್ಟಿರಲಿಲ್ಲ. ಆದರೆ ಮಾಮಾ ನನ್ನ ಕಡೆ ನೋಡಲೇ ಇಲ್ಲ. ನಿಮ್ಮ ವಹಿ ತೆಗೆದು ತೋರಿಸಿದರು. ಅದರ ಪುಟ ಪುಟದ ಮೇಲೂ ಅದೇ ಸಾಲು.

“ಹೆಂಡ್ತಿ ಹಾಡಂದ್ರ ಗಂಡನ ಕೈ ತಾನೇ ಬರೀತದ ಬಿಡ್ರಿ,” ಎಂದು ನಕ್ಕರು.

ನೀವು ಚೀಟಿ ನೋಡಿದಿರಿ. ಆಮೇಲೆ ಒಂದೇ ಸಲ ನನ್ನನ್ನು ನೋಡಿದಿರಿ. ಅಷ್ಟರಲ್ಲೇ ನಿಮಗೆ ತಿಳಿಯಿತು ಎಂದು ನನಗೂ ತಿಳಿಯಿತು. “ಚಾ ಆರ್ತದ, ಕುಡೀರಿ,” ಅಂದಿರಿ. ಅಷ್ಟೇ. ಏಳೂ ಚೀಟಿ ನಿಮ್ಮ ಅಂಗಿಯ ಜೇಬಿಗೆ ಹೋದವು.

ಕಾಕು ಕಪ್ಪು ಇಟ್ಟು ಒಳಗೆ ಹೋಗುವ ಮುಂಚೆ ಹೇಳಿದ ಮಾತು ನೆನಪಿದೆಯಾ? “ನನ್ನ ಮ್ಯಾಲ ಇಷ್ಟು ಕನಿಕರ ಬ್ಯಾಡಾಗಿತ್ರಿ.”

ಮುಂದಿನ ರವಿವಾರ ನಾನು ಹೆದರುತ್ತಾ ಬಂದೆ. ನೀವು ಬೈಯಲಿಲ್ಲ. ಚೀಟಿಗಳ ತಂತಿಯನ್ನು ನನ್ನ ಮುಂದೆ ಇಟ್ಟು, “ಎಣಿಸವಾ,” ಅಂದಿರಿ. ಎರಡು ಏಟು ಕೊಟ್ಟಿದ್ದರೆ ಅತ್ತು ಹಗುರಾಗುತ್ತಿದ್ದೆ. ನೀವು ನಂಬಿ ಕೊಟ್ಟಿರಿ, ನಾನು ಬಾಯಿ ಬಿಡದೆ ಎಣಿಸಿದೆ. ವಾರ ಹೋಯಿತು, ವರ್ಷ ಹೋಯಿತು, ನನ್ನನ್ನು ಔರಾದಕ್ಕೆ ಕೊಟ್ಟಿರಿ, ಅಲ್ಲಿಂದ ನಾವು ಈ ಮೈಲೂರಿಗೆ ಬಂದೆವು. ಭಾಲ್ಕಿಗೆ ಬಂದಾಗಲೆಲ್ಲ ನೋಡುತ್ತಿದ್ದೆ, ಕಾಕು ಸೋಮವಾರದ ಭಜನೆಗೆ ಬರುತ್ತಿದ್ದರು, ತಾಳ ಹಾಕುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ, “ನನ್ನ ಹಾಡು ಕೇಳೋರು ನಮ್ಮ ಮನಿಯವರೊಬ್ಬರೇ ಅವ್ವಾ,” ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು. ಮೂವತ್ತೈದು ವರ್ಷ, ಕಾಕಾ. ನನ್ನ ಹೆಸರು ಹೇಳಿ ನೀವು ಪಾರಾಗಬಹುದಿತ್ತು. ಹದಿನಾಲ್ಕರ ಹುಡುಗಿಯನ್ನು ಯಾರು ಗಲ್ಲಿಗೆ ಹಾಕುತ್ತಿದ್ದರು? ಯಾಕೆ ಹೇಳಲಿಲ್ಲ?

ಈಗ ವಹಿಯ ಆ ಪುಟಕ್ಕೆ ಬರುತ್ತೇನೆ. ನಾನು ಬರೆದ ಪಟ್ಟಿಯ ಮೇಲೆ ಒಂದು ಅಡ್ಡ ಗೆರೆ ಇದೆ. ಪಕ್ಕದಲ್ಲಿ ನೀವು ಬೇರೆ ಪಟ್ಟಿ ಬರೆದಿದ್ದೀರಿ. ಏಳು ಚೀಟಿ ಕಳೆದಿದ್ದೀರಿ. ನಾನು ಎಣಿಸಿದ್ದು ಹನ್ನೆರಡು, ನನ್ನವು ಕಳೆದರೆ ಎಷ್ಟೆಂದು ಆಗ ನೋಡಲೇ ಇಲ್ಲ, ಉಳಿದದ್ದು ಐದು. ಆ ಐದೂ ಖರೆ ಚೀಟಿ. ಐದು ಚೀಟಿಗೆ ಕಾಕುವಿನ ಹಾಡು ಎಂಟನೇ ನಂಬರು. ಮುಂದೆ ಕೆಂಪು ಬಾಣ. ಅದರ ಕೆಳಗೆ ಐದು ಮಂದಿಯ ಹೆಸರು, ಊರು. ನನ್ನ ಸಹಾಯವಿಲ್ಲದೆಯೇ ಆ ಹಾಡು ಪಟ್ಟಿಗೆ ಬಂದಿತ್ತು. ಅವಸರಪಟ್ಟು ನಾನೇ ಅದನ್ನು ಹೊಲಸು ಮಾಡಿದೆ. ಪುಟದ ಅಂಚಿನಲ್ಲಿ ಇನ್ನೊಂದು ಸಾಲಿದೆ. “ತೋರಿಸಲು ಹೋದೆ. ನಿಮ್ಮ ಬರಹ ನಿಮ್ಮ ಹತ್ತಿರವೇ ಇರಲಿ ಅಂದಳು.” ಚೀಟಿ ಬರೆದವರು ನೀವೇ ಎಂದು ನಂಬಿದ ಮೇಲೆ, ನಿಮ್ಮ ವಹಿಯನ್ನು ಕಾಕು ಹೇಗೆ ನಂಬಬೇಕು? ನಾನೊಬ್ಬಳು ಬಾಯಿ ತೆರೆದಿದ್ದರೆ ಸಾಕಿತ್ತು.

ಐವರಲ್ಲಿ ಯಾರಾದರೂ ಇದ್ದಾರೆಯೇ ಎಂದು ಹುಡುಕಿಕೊಂಡು ಹೋದ ವಾರ ಭಾಲ್ಕಿಗೆ ಹೋಗಿದ್ದೆ. ಔರಾದ ಟೆಂಪೋದ ಕಂಡಕ್ಟರ್ ಆಗಿದ್ದ ಗಫೂರಭಾಯಿ ಸಿಕ್ಕರು. ಗಡ್ಡ ಬೆಳ್ಳಗಾಗಿದೆ, ಮಾತು ಹಾಗೇ ಇದೆ. ವಹಿ ತೋರಿಸಿದೆ.

“ಅರೆ, ಕಡೀ ಹಾಡು ಅಲ್ರಿ? ಅದರಾಗ ನಡುವ ಕುಕ್ಕರ್ ಸೀಟಿ ಹೊಡೀತದ ನೋಡ್ರಿ. ನಮ್ಮ ಡ್ರೈವರ್ ನಾನೇ ಸೀಟಿ ಹೊಡದೆ ಅಂತ ಗಾಡಿ ನಿಂದರಸ್ತಿದ್ದ. ದಿನಾ ಒಂದೇ ಜಾಗಾದಾಗ. ಪ್ಯಾಸೆಂಜರ್ ನಕ್ಕು ನಕ್ಕು ಸಾಯ್ತಿದ್ರು.”

“ಮತ್ತ ಯಾಕ ಚೀಟಿ ಬರದ್ರಿ? ನಗಲಿಕ್ಕೇನು?”

ಅವರು ವಹಿಯಲ್ಲಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. “ಇಲ್ರಿ ಅಕ್ಕಾ. ನಮ್ಮಮ್ಮ ಹಾಸಿಗಿ ಹಿಡದಿದ್ಲು. ಆಕೀಗಿ ನಿಮ್ಮ ದೇವರೇನು ಗೊತ್ತಿತ್ರಿ, ಆದ್ರ ಆ ಹಾಡು ಹಚ್ಚಿದ್ರ ಕಣ್ಣು ಮುಚ್ಚಿ ಮಲಗತಿದ್ಲು. ಕ್ಯಾಸೆಟ್ ತಿರುಗಿಸಿ ತಿರುಗಿಸಿ ಕಡೀಗಿ ಬರೋತನ ಕಾಯೋದು ಆಗ್ತಿರ್ಲಿಲ್ಲ. ಅದೊಂದೇ ಹಾಡು ಎರಡೂ ಬಾಜು ತುಂಬಿ ಕೊಡ್ರಿ ಅಂತ ಬರದಿದ್ದೆ.”

ಮನೆಗೆ ಬಂದು ಕಾಕುವಿಗೆ ಪತ್ರ ಬರೆದೆ. ಏಳು ಚೀಟಿ ನಾನು ಬರೆದದ್ದು, ಕಾಕಾ ಅಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿದೆ. ಗಫೂರಭಾಯಿ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದೆ. ನೀವು ಹೋದ ಮೇಲೆ ಕಾಕು ಡಾಬಕಾದಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದಾರೆ. ಗುರುವಾರ ಸುಜಾತಾ ಪತ್ರ, ವಹಿ ಎರಡನ್ನೂ ಒಯ್ದು ಕೈಗೆ ಕೊಟ್ಟು ಬಂದಳು. ಅವತ್ತಿನಿಂದ ಮಾತಿಲ್ಲ. ನಾಲ್ಕು ದಿನ. ಬೈದರೂ ಆದೀತು, ಒಂದು ಮಾತು ಬರಲಿ ಎಂದು ಬೆಳಿಗ್ಗೆ ಬಿಲ್ವಪತ್ರಿ ಏರಿಸುವಾಗಲೂ ಕೇಳಿಕೊಂಡೆ. ಕಾಕು ನನ್ನನ್ನು ಕ್ಷಮಿಸದಿದ್ದರೆ ಇರಲಿ, ನಿಮ್ಮ ಮೇಲಿನ ಮುನಿಸಾದರೂ...

ಇಷ್ಟು ಬರೆದು ಪೆನ್ನು ಇಟ್ಟಿದ್ದೆ, ಕಾಕಾ. ಫೋನ್ ಬಂತು. ಡಾಬಕಾದಿಂದ.

“ಮಾದೂ, ಓದೀನಿ.”

“ಹೂಂ ಕಾಕು.”

“ಇಷ್ಟು ವರ್ಷ ಬಾಯಿಗಿ ಬೀಗ ಹಾಕಿಕೊಂಡು ಕುಂತಿದ್ದಿಯಲ್ಲ. ಆ ಮನಷಾ ಏನೂ ತಪ್ಪು ಮಾಡದೇ ನನ್ನ ಮುನಸು ಉಂಡು ಹೋದ್ರು.”

“ತಪ್ಪಾಯ್ತ್ರಿ ಕಾಕು.”

“ತಪ್ಪಾಯ್ತು ಅಂದ್ರ ಮುಗೀತೇನು? ಬಾ ಇಲ್ಲಿಗಿ, ಎದುರಿಗಿ ಕುಂದ್ರಿಸಿಕೊಂಡು ಬೈತೀನಿ.” ಆಮೇಲೆ ದನಿ ತಗ್ಗಿಸಿ ಕೇಳಿದರು. “ಆಕಿ ಖರೇನೇ ಮಲಗತಿದ್ಲಾ, ಗಫೂರನ ಅವ್ವ?”

“ಮಲಗತಿದ್ರಂತ್ರಿ. ಎರಡೂ ಬಾಜು ಅದೇ ಹಾಡು ತುಂಬಿಸಿಕೊಂಡಿದ್ರಂತ.”

“ನನಗ ಯಾರೂ ಹೇಳಿರ್ಲಿಲ್ಲವಾ.” ಹಿಂದೆ ಯಾರೋ ಊಟಕ್ಕೆ ಕರೆದರು. ಕಾಕು ಅವರನ್ನು ಗದರಿಸಿ ಸುಮ್ಮನಿರಿಸಿದರು.

ನೀವು ಕೇಳದೆ ಹೋದ ಸುದ್ದಿ ಇದು ಕಾಕಾ, ಅದಕ್ಕೇ ಮತ್ತೆ ಪೆನ್ನು ಹಿಡಿದೆ. ಕಾಕು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ನಿನ್ನ ಪತ್ರಕ್ಕ ಉತ್ತರ ಕೊಡಬೇಕಲ್ಲ. ಬರೀಲಿಕ್ಕಿ ಕೈ ನಡಗ್ತದ, ಫೋನಿನ್ಯಾಗ ಹೇಳೋದೂ ಅಲ್ಲ. ನಸುಕಿನ್ಯಾಗ ಎದ್ದು ಹಾಡಿ ನೋಡ್ದೆ, ದನಿ ಒಡದದ ಖರೆ, ಪದ ಒಂದೂ ಮರತಿಲ್ಲ. ನಾಳಿ ಸುಜಾತಾನ್ನ ಕಳಸು. ಫೋನಿಗಿ ಪೂರಾ ಚಾರ್ಜ್ ಹಾಕಿಕೊಂಡು ಬಾ ಅನ್ನು. ಉತ್ತರ ತುಂಬಿಕೊಂಡು ಒಯ್ಯಲಿ.”