ಮೂರನೆಯ ಗಾಜು

ಮಾರ್ಚ್ 3, ಸೋಮವಾರ

ಗಾಜು ಒಂದು, ಸರಿ. ಎರಡು, ಸರಿ. ಮೂರು, ಸರಿ.

ಚರ್ಚಿನ ಗೋಪುರ ಸಭಾಂಗಣದ ಗೋಡೆಗೆ ಕೂಡುವ ಕಡೆ ಬಿರುಕಿದೆ. ನೆಲದಿಂದ ಗಂಟೆಯ ಅಟ್ಟದವರೆಗೆ. ಹೋದ ತಿಂಗಳು ಅದರ ಮೇಲೆ ಅಡ್ಡಲಾಗಿ ಮೂರು ಗಾಜಿನ ಪಟ್ಟಿ ಕೂರಿಸಿದೆ. ಎರಡೂ ತುದಿಗೆ ಪ್ಲಾಸ್ಟರ್ ಮುದ್ದೆ, ಮುದ್ದೆಯ ಮೇಲೆ ಗೀಚಿದ ತಾರೀಖು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ವಾರಕ್ಕೊಮ್ಮೆ ಏಣಿ ಹತ್ತಿ ನೋಡುವುದು ಎಂಜಿನಿಯರಾಗಿ ನನ್ನ ಕೆಲಸ.

ಇಪ್ಪತ್ತಮೂರನೇ ತಾರೀಖಿಗೆ ಚರ್ಚಿಗೆ ನೂರೈವತ್ತು ವರ್ಷ. ಅವತ್ತು ದೊಡ್ಡ ಗಂಟೆಯನ್ನು ಹಗ್ಗದಿಂದ ಎಳೆದು ಉಯ್ಯಾಲೆಯ ಹಾಗೆ ಪೂರ್ತಿ ತೂಗುತ್ತಾರೆ. ಉಳಿದ ದಿನ ಬರೀ ಸುತ್ತಿಗೆಯ ಬಡಿತ. ತೂಗುವಾಗ ಸಭೆಯವರೆಲ್ಲ ಗೋಪುರದ ಬುಡದಲ್ಲಿ ನಿಂತು ಗೋಡೆಗೆ ಅಂಗೈ ಒತ್ತುತ್ತಾರೆ. ಗೋಡೆ ನಡುಗಿದ್ದು ಕೈಗೆ ತಿಳಿದರೆ ಅದೇ ಆಶೀರ್ವಾದವಂತೆ. ಹತ್ತು ವರ್ಷಕ್ಕೊಮ್ಮೆ. ಗಾಜು ಸರಿ ಇದೆ ಎಂದು ನಾನು ಸಹಿ ಹಾಕಿದರೆ ಮಾತ್ರ ತೂಗುವುದು ಎಂದು ಕಮಿಟಿ ತೀರ್ಮಾನಿಸಿದೆ.

ಮಾರ್ಚ್ 5, ಬುಧವಾರ

ಪಾದ್ರಿಯವರು ನಿಲುವಂಗಿ ತೊಡುವ ಕೋಣೆಯಲ್ಲಿ ಹಳೆ ದಫ್ತರ ಸಿಕ್ಕಿತು. ಗೆದ್ದಲು ಅರ್ಧ ತಿಂದಿದೆ, ಉಳಿದರ್ಧ ನನಗೆ. ಗೊತ್ತಾದದ್ದು ಇಷ್ಟು: ಮೊದಲು ಕಟ್ಟಿದ್ದು ಸಭಾಂಗಣ ಮಾತ್ರ. ಚೂಪು ಕಮಾನಿನ ಕಿಟಕಿಗಳು, ಮಗುಚಿಟ್ಟ ದೋಣಿಯಂಥ ಮರದ ಮಾಡು, ಗೋಡೆಗೆ ಹೊರಗಿನಿಂದ ಆನಿಸಿದ ಗಿಡ್ಡ ಕಂಬಗಳು. ಗೋಪುರ ಬಂದದ್ದು ಮೂವತ್ತೊಂದು ವರ್ಷದ ಮೇಲೆ. ಕಲ್ಲಿಗೆ ಕಲ್ಲು ಹೆಣೆಯಲೇ ಇಲ್ಲ. ಸುಮ್ಮನೆ ಪಕ್ಕಕ್ಕೆ ತಂದು ನಿಲ್ಲಿಸಿ, ಸಂದಿಗೆ ಸುಣ್ಣದ ಗಾರೆ ತುಂಬಿದ್ದಾರೆ. ಮಾತು ಬಿಟ್ಟ ಓರಗಿತ್ತಿಯರ ಹಾಗೆ ಇಷ್ಟು ವರ್ಷ ಅಕ್ಕಪಕ್ಕ ನಿಂತಿವೆ.

ಈಗ ಆ ಸಂದಿಯಲ್ಲಿ ಸುಣ್ಣವಿಲ್ಲ, ಸಿಮೆಂಟಿದೆ. ಸುಣ್ಣ ನೀರನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಒಳಗೇ ಹಿಡಿದಿಡುತ್ತದೆ, ಒಳಗಿನ ಹಳೆ ಗಾರೆ ನೆನೆದು ಪುಡಿಯಾಗುತ್ತದೆ.

ಸಿಮೆಂಟ್ ತುಂಬಿದ್ದು ಅಪ್ಪ. ಇಪ್ಪತ್ತೆರಡು ವರ್ಷದ ಹಿಂದೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಊರವರು ಅವನನ್ನು ಕರೆಯುವುದೇ ‘ಗೋಪುರದ ಮೇಸ್ತ್ರಿ’ ಎಂದು. ಗೋಪುರದ ಬಾಗಿಲ ಪಕ್ಕ ಹಿತ್ತಾಳೆ ಫಲಕದಲ್ಲಿ ಅವನ ಹೆಸರಿದೆ. ದಿನಾ ಹೋಗಿ ತೋಳಿನಿಂದ ಒರೆಸಿ ಬರುತ್ತಾನೆ.

ಊಟದ ಹೊತ್ತಿಗೆ ಮೆಲ್ಲಗೆ ಮಾತು ತೆಗೆದೆ.

“ಬಂಡೆ ಥರ ಇದೆ ಕಣೆ,” ಎಂದ. “ನಿನ್ನ ಗಾಜು ಬೇಕಾದ್ರೆ ಹೆದರ್ಕೊಳ್ಳಲಿ.”

ನಕ್ಕೆ.

ಮಾರ್ಚ್ 10, ಸೋಮವಾರ

ಮೂರೂ ಸರಿ. ಕಮಿಟಿಯ ಕಾರ್ಯದರ್ಶಿ ಕಾಗದ ಹಿಡಿದು ಏಣಿಯ ಕೆಳಗೇ ನಿಂತಿದ್ದರು. ಮೂರನೆಯದನ್ನು ಅರ್ಧ ಏಣಿಯಿಂದಲೇ ಟಾರ್ಚ್ ಬಿಟ್ಟು ನೋಡಿದೆ. ಸಹಿ ಹಾಕಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಖುಷಿಯಾಗಿರಬೇಕು.

ಮಾರ್ಚ್ 13, ಗುರುವಾರ

ಹೀಗಾಗಬಾರದಿತ್ತು.

ಫೋಟೊ ಬೇಕಿತ್ತು, ಪೂರ್ತಿ ಹತ್ತಿದೆ. ಒಂದು, ಎರಡರ ಮೇಲೆ ಧೂಳು, ಪಾರಿವಾಳದ ಹಿಕ್ಕೆ. ಮೂರನೆಯದು ಫಳಫಳ. ಮುದ್ದೆಗೆ ಕೈಯ ಹಿಂಬದಿ ತಾಗಿಸಿದೆ. ತಣ್ಣಗಿತ್ತು. ತಿಂಗಳ ಹಿಂದಿನ ಪ್ಲಾಸ್ಟರ್ ತಣ್ಣಗಿರುವುದಿಲ್ಲ, ಒಣಗಿ ಬೆಚ್ಚಗಿರುತ್ತದೆ. ಕೈಯ ಹಿಂಬದಿಯಿಂದ ಹಸಿ ಇದೆಯೇ ಎಂದು ನೋಡುವುದನ್ನು ಕಲಿಸಿದ್ದು ಅಪ್ಪನೇ, ನನಗೆ ಎಂಟು ವರ್ಷವಿದ್ದಾಗ.

ಯಾರೋ ಗಾಜು ಬದಲಾಯಿಸಿ ನನ್ನ ಹಳೆ ತಾರೀಖನ್ನೇ ಗೀಚಿದ್ದಾರೆ.

ಗೋಪುರದ ಬೀಗದ ಕೈ ಮೂರು. ಒಂದು ನನ್ನದು. ಒಂದು ಗಂಟೆ ಹೊಡೆಯುವ ಹೆಂಗಸಿನದು, ಊರೆಲ್ಲ ಅವರನ್ನು ಗಂಟೆಯಕ್ಕ ಅನ್ನುತ್ತದೆ. ಮಂಡಿ ನೋವು, ಅವರು ಏಣಿ ಹತ್ತಿ ವರ್ಷಗಳಾದವು. ಇನ್ನೊಂದು...

ಮಾರ್ಚ್ 17, ಸೋಮವಾರ

ಮೂರು ದಿನ ಬರೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಸಹಿ ಹಾಗೇ ಇದೆ. ನನ್ನ ಮೇಲೆ ನನಗೇ ಅಸಹ್ಯ.

ಇವತ್ತು ಅಪ್ಪ ಸ್ನಾನಕ್ಕೆ ಹೋದಾಗ ಅವನ ಗಾರೆ ಕೆಲಸದ ಕರಣೆ ಚೀಲ ತೆಗೆದೆ. ತಳದಲ್ಲಿ ಪೇಪರಿನ ಪೊಟ್ಟಣ. ಗಾಜಿನ ಎರಡು ತುಂಡು. ಜೋಡಿಸಿದರೆ ಒಂದು ಪಟ್ಟಿ. ಎಸೆಯದೆ ಇಟ್ಟುಕೊಂಡಿದ್ದಾನೆ. ಜೀವಮಾನದಲ್ಲಿ ಒಂದು ಮೊಳೆ ಎಸೆದವನಲ್ಲ.

ತಲೆ ಒರೆಸಿಕೊಳ್ಳುತ್ತ ಬಂದ. ನನ್ನ ಕೈ ನೋಡಿ ನಿಂತ.

“ಯಾವಾಗ ಒಡೀತು ಅಪ್ಪ?”

“ಎಂಟನೇ ತಾರೀಖು. ಪಾರಿವಾಳದ ಗೂಡು ತೆಗೆಯೋಕೆ ಹತ್ತಿದ್ದೆ, ನೋಡಿದೆ. ಮಾರನೇ ದಿನ ಬೇರೆ ಕೂರಿಸಿದೆ.”

“ನನಗೆ ಹೇಳ್ಬಾರದಿತ್ತಾ?”

“ಏನಂತ ಹೇಳ್ಲಿ? ಈ ಊರಲ್ಲಿ ನಂದು ಅಂತ ಇರೋದು ಅದೊಂದೇ ಗೋಪುರ. ಅದನ್ನೂ ನಾನೇ ಕೆಡಿಸಿದೆ ಅಂತಾನಾ?”

“ಇನ್ನೂರು ಜನ ಕೆಳಗೆ ನಿಂತಿರ್ತಾರೆ.”

“ನಾನು ಸಿಮೆಂಟ್ ಹಾಕಿದ ಮೇಲೆ ಎರಡು ಸಲ ತೂಗಿದ್ದಾರೆ. ಏನಾಯ್ತು?”

“ಆಗ ಗಾಜು ಇರ್ಲಿಲ್ಲ ಅಪ್ಪ. ಏನಾಯ್ತು ಅಂತ ನಿನಗೂ ಗೊತ್ತಿಲ್ಲ.”

ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಕೋಪ ಉಕ್ಕಿ ಬಂತು, ಅದರ ಹಿಂದೆಯೇ ಅಳು. ಪೊಟ್ಟಣ ನನ್ನ ಬ್ಯಾಗಿಗೆ ಹಾಕಿಕೊಂಡೆ.

ಮಾರ್ಚ್ 22, ಶನಿವಾರ

ಐದು ದಿನ ಮನೆಯಲ್ಲಿ ಮಾತಿಲ್ಲ. ಇವತ್ತು ಪಾದ್ರಿಯವರ ಹತ್ತಿರ ಹೋದೆ. ಗಂಟೆ ತೂಗುವುದು ಬೇಡ ಎಂದೆ.

“ಎಂಜಿನಿಯರಮ್ಮ, ಗಾಜು ಸರಿ ಇದೆ ಅಂತ ಸಹಿ ಹಾಕಿದ್ದು ನೀವೇ ತಾನೆ?”

“ಅನುಮಾನ ಇದೆ.”

“ಯಾತರ ಅನುಮಾನ? ಕಾರಣ ಹೇಳಿ, ಈ ಗಳಿಗೆಯಲ್ಲೇ ನಿಲ್ಲಿಸ್ತೀನಿ. ಬರೀ ಅನುಮಾನ ಅಂತ ಕಮಿಟಿ ಮುಂದೆ ಹೇಗೆ ನಿಲ್ಲಲಿ?”

ಬ್ಯಾಗಿನಲ್ಲಿ ಎರಡು ತುಂಡು. ತೆಗೆದು ತೋರಿಸಲಿಲ್ಲ. ನಾಳೆ ಬೆಳಿಗ್ಗೆ ಹೇಳುತ್ತೇನೆಂದು ಬಂದುಬಿಟ್ಟೆ. ಹೇಳಬೇಕು. ಒಂಬತ್ತಕ್ಕೆ ಗಂಟೆ, ಅದಕ್ಕೆ ಮುಂಚೆ. ಅಪ್ಪನಿಗೂ ಹೇಳಿದೆ, ನಾಳೆ ಹೇಳಿಬಿಡುತ್ತೇನೆ ಎಂದು. ಗೋಡೆಯ ಕಡೆ ತಿರುಗಿ ಮಲಗಿದ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 7.30

ಅಪ್ಪನ ಹಾಸಿಗೆ ಖಾಲಿ. ಕರಣೆ ಚೀಲ ಇಲ್ಲ. ನನ್ನ ಬ್ಯಾಗಿನ ಪೊಟ್ಟಣವೂ ಇಲ್ಲ.

ಚೂರುಗಳನ್ನು ಬಚ್ಚಿಟ್ಟರೆ ನನ್ನ ಮಾತಿಗೆ ಸಾಕ್ಷಿ ಏನಿದೆ? ಓಡಬೇಕು.

ಅದೇ ದಿನ, 11.15. ಗೋಪುರದ ಒಳಗೆ

ಮಂಡಿಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಓಡಿ ಬಂದಾಗ ಜನ ಆಗಲೇ ಸೇರಿದ್ದರು. ಆದರೆ ಯಾರೂ ಒಳಗೆ ಹೋಗುತ್ತಿರಲಿಲ್ಲ. ಗೋಪುರದ ಬಾಗಿಲಿಗೆ ಅಡ್ಡವಾಗಿ, ಗಾರೆ ಬಾಣಲೆ ಬೋರಲು ಹಾಕಿಕೊಂಡು ಅಪ್ಪ ಕೂತಿದ್ದ. ಅಂಗೈಯಲ್ಲಿ ಎರಡು ತುಂಡು. ಬಂದವರಿಗೆಲ್ಲ ಒಂದೇ ಮಾತು:

“ಗಾಜು ಒಡೆದಿತ್ತು. ನಾನು ಬದಲಾಯಿಸಿದೆ. ನನ್ನ ಮಗಳಿಗೂ ಸುಳ್ಳು ಹೇಳಿದೆ. ಒಳಗೆ ನಿಲ್ಬೇಡಿ.”

“ಇವನ ಹೆಸರನ್ನ ಹಿತ್ತಾಳೆಯಲ್ಲಿ ಬರೆಸಿದೆವಲ್ಲ,” ಎಂದರು ಕಾರ್ಯದರ್ಶಿ, ಎಲ್ಲರಿಗೂ ಕೇಳುವ ಹಾಗೆ. ಅಪ್ಪ ತಲೆ ತಗ್ಗಿಸಲಿಲ್ಲ. ನನಗೇ ತಡೆಯಲಾಗಲಿಲ್ಲ. “ಮುಟ್ಟಿ ನೋಡದೆ ಸಹಿ ಹಾಕಿದ್ದು ನಾನು,” ಎಂದು ಕೂಗಿದೆ. ಅದೂ ನಿಜ ತಾನೆ.

ಗಂಟೆಯಕ್ಕ ಹಗ್ಗವನ್ನು ಸುತ್ತಿ ಮೊಳೆಗೆ ಹಾಕಿದರು. “ಹಾಗಾದ್ರೆ ನಾನು ತೂಗಲ್ಲ. ಯಾರಿಗೆ ಬೇಕೋ ಅವರೇ ಎಳ್ಕೊಳ್ಳಿ.” ಯಾರೂ ಮುಂದೆ ಬರಲಿಲ್ಲ. ಪಾದ್ರಿಯವರು ಬೆಂಚುಗಳನ್ನು ಹೊರಗೆ ಮರದಡಿ ಹಾಕಿಸಿದರು. ಪ್ರಾರ್ಥನೆ ಅಲ್ಲೇ ನಡೆಯಿತು. ಅಪ್ಪ ಕೊನೆಯ ಬೆಂಚಿನಲ್ಲಿ ಒಬ್ಬನೇ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವನ ಬೆರಳನ್ನು ಒಂದೆರಡು ಕಡೆ ಗಾಜು ಕುಯ್ದಿತ್ತು.

ಈಗಷ್ಟೇ ಬಿರುಕು ಅಳೆದೆ. ಎರಡನೆಯ ಗಾಜಿನಲ್ಲೂ ಗೆರೆ ಬಿದ್ದಿದೆ. ಗಂಟೆ ತೂಗದೆಯೇ. ಇನ್ನೂರು ಅಂಗೈ ಈ ಗೋಡೆಯ ಮೇಲೆ... ನೆನೆಯಲಾರೆ. ನಾಳೆಯಿಂದ ಗೋಪುರಕ್ಕೆ ಆಸರೆ ಕಟ್ಟಬೇಕು, ಆಮೇಲೆ ಸಿಮೆಂಟ್ ಕೆರೆದು ಸುಣ್ಣ ತುಂಬಬೇಕು. ಅಪ್ಪನೇ ಕೇಳಿದ, “ಸುಣ್ಣ ನಾನು ಹದ ಮಾಡ್ಲಾ?”

ಹೊರಗೆ ಹೊಸ ಪಟ್ಟಿಗೆ ಪ್ಲಾಸ್ಟರ್ ಕಲಸುತ್ತಿದ್ದಾನೆ. ಕೂಗುತ್ತಿದ್ದಾನೆ, “ಬೇಗ ಬಾರೆ, ಗಟ್ಟಿಯಾಗ್ತಿದೆ! ತಾರೀಖು ನೀನೇ ಗೀಚು. ಇವತ್ತಿಂದು!” ಬಂದೆ ಅಪ್ಪ, ಇದೊಂದು ಸಾಲು ಮುಗಿಸಿ.